ಅದಕ್ಕೂ ಮೊದಲು?

ಸಂಶೋಧನೆಯ ಕೆಲಸಕ್ಕೆಂದು ಯಲ್ಲಾಪುರ ಕಡೆಯ ಒಂದು ಶಾಲೆಗೆ ಹೋಗಿದ್ದೆ. ಏಳನೇ ತರಗತಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ 'ನಿನ್ನ ಊರು ಯಾವುದು?' ಎಂದು ಕೇಳುತ್ತಿದ್ದೆ. ಸಿದ್ದಿ ಹುಡುಗಿಯೊಬ್ಬಳು ಊರಿನ ಹೆಸರು ಹೇಳಿ ಕುಳಿತಳು. ಉಳಿದ ಯಾರಿಗೂ ಕೇಳದ ಪ್ರಶ್ನೆಯೊಂದನ್ನು ಅವಳಿಗೆ ಕೇಳಿದೆ: 'ಅದಕ್ಕೂ ಮೊದಲು?' ಹಿಂದಿನ ಬೆಂಚಿನಿಂದ ಯಾರೋ 'ಆಫ್ರಿಕಾ' ಎಂದರು. ತರಗತಿ ನಕ್ಕಿತು. ಅವಳು ಮತ್ತೆ ತಲೆಯೆತ್ತಲಿಲ್ಲ.

ಆಮೇಲೆ ಮೇಷ್ಟ್ರು ನನ್ನನ್ನು ಹೊರಗೆ ಕರೆದು, "ನಾವು ಅದನ್ನೆಲ್ಲ ಎತ್ತೋದೇ ಇಲ್ಲ ಮೇಡಂ. ನಮಗೆ ಎಲ್ಲ ಮಕ್ಕಳೂ ಒಂದೇ" ಎಂದರು. ತಪ್ಪು ನನ್ನದೇ ಆದ್ದರಿಂದ ಸುಮ್ಮನೆ ತಲೆಯಾಡಿಸಿದೆ. ಬಸ್ಸಿನಲ್ಲಿ ಕುಳಿತ ಮೇಲೆ ಅನ್ನಿಸಿತು, ಯಾರೂ ಎತ್ತದ ಮಾತು ಹಿಂದಿನ ಬೆಂಚಿನ ಹುಡುಗನ ನಾಲಿಗೆಯಲ್ಲಿ ಅಷ್ಟು ಸಿದ್ಧವಾಗಿ ಇದ್ದದ್ದು ಹೇಗೆ? ಮೇಷ್ಟ್ರು ಒಳಗೆ ಆಡದ್ದನ್ನು ಮಕ್ಕಳು ಹೊರಗೆ ಆಡುತ್ತಿದ್ದರು, ಅಷ್ಟೆ. ಹಾಗೆ ಆಡಿಸಿಕೊಂಡವಳು ಒಳಗೆ ಬಂದು ದೂರು ಹೇಳಬೇಕೆಂದರೆ, ಅಲ್ಲಿ ಆ ವಿಷಯವೇ ಇಲ್ಲ.

ಹಾಗಾದರೆ ಎತ್ತಬೇಕೇ? ಎತ್ತಿದ ಉದಾಹರಣೆಗಳೂ ನಮ್ಮ ಮುಂದಿವೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿ ಕೊಟ್ಟಿತು. ಆಫ್ರಿಕಾದ ಮೂಲದವರು, ಚೆನ್ನಾಗಿ ಓಡಿಯಾರು ಎಂಬ ಎಣಿಕೆ. ಕೆಲವರಿಗೆ ಅದರಿಂದ ಬದುಕಿನ ದಾರಿ ಸಿಕ್ಕಿತು, ನಿಜ. ಯೋಜನೆ ಕೆಲವೇ ವರ್ಷಗಳಲ್ಲಿ ನಿಂತಿತು. ಆ ಎಣಿಕೆ ಮಾತ್ರ ನಿಲ್ಲಲಿಲ್ಲ. ಓಟಕ್ಕೆ ಸಿದ್ದಿ ಹುಡುಗ, ವಾರ್ಷಿಕೋತ್ಸವಕ್ಕೆ ಡಮಾಮಿ ಕುಣಿತ. ಗಣಿತದ ಲೆಕ್ಕಕ್ಕೆ ಬೋರ್ಡಿನ ಹತ್ತಿರ ಯಾರನ್ನು ಕರೆಯುತ್ತೇವೆ? (ಸಂಶೋಧಕರಾದ ನಾವೂ ಡಮಾಮಿಯ ವಿಡಿಯೋ ಮಾಡಿಕೊಂಡು ಬರುವವರೇ.)

ಸಿದ್ದಿಗಳಲ್ಲಿ ಅನೇಕರ ಪೂರ್ವಜರನ್ನು ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದರು. ಇದನ್ನು ಮಕ್ಕಳಿಗೆ ಹೇಳಬಾರದ ಗುಟ್ಟು ಮಾಡುವುದು ಸರಿಯಲ್ಲ. ತಂದವರ ಅಪರಾಧ ತರಿಸಿಕೊಂಡವರ ನಾಚಿಕೆಯಾಗಿ ಉಳಿಯುವುದು ಆ ಮೌನದಿಂದಲೇ. ನನ್ನ ಪ್ರಶ್ನೆ ಕೆಟ್ಟದಾದದ್ದು ಅದನ್ನು ಅವಳೊಬ್ಬಳಿಗೇ ಕೇಳಿದ್ದರಿಂದ. ಅದೇ ಸಾಲಿನಲ್ಲಿ ಹವ್ಯಕರ ಹುಡುಗನಿದ್ದ. ಮಯೂರವರ್ಮ ತಮ್ಮ ಹಿರಿಯರನ್ನು ಅಹಿಚ್ಛತ್ರದಿಂದ ಕರೆತಂದ ಎಂಬ ಐತಿಹ್ಯ ಅವರಲ್ಲೇ ಇದೆ. ಪಕ್ಕದ ಮುಂಡಗೋಡದಲ್ಲಿ 1960ರ ದಶಕದಿಂದ ಟಿಬೆಟಿನವರಿದ್ದಾರೆ. ನಮ್ಮ ಮನೆಮಾತು ತೆಲುಗು. 'ಅದಕ್ಕೂ ಮೊದಲು?' ಎಂದು ನನ್ನನ್ನು ಯಾವ ತರಗತಿಯಲ್ಲೂ ಯಾರೂ ಕೇಳಲಿಲ್ಲ. ನನ್ನ ಮೈಬಣ್ಣ ಅಂಥ ಪ್ರಶ್ನೆ ಹುಟ್ಟಿಸುವಂಥದ್ದಲ್ಲ.

ತಿಂಗಳ ನಂತರ ಮೇಷ್ಟ್ರ ಒಪ್ಪಿಗೆ ಪಡೆದು ಮತ್ತೆ ಹೋದೆ. ಮನೆಯ ಹಿರಿಯರನ್ನು ಕೇಳಿಕೊಂಡು ಬರುವಂತೆ ಎಲ್ಲರಿಗೂ ಮೊದಲೇ ಹೇಳಿಸಿದ್ದೆ. ನನ್ನ ಕತೆಯನ್ನೇ ಮೊದಲು ಹೇಳಿದೆ. ಒಬ್ಬ ಘಟ್ಟದ ಕೆಳಗಿನಿಂದ ಬಂದವರು ಎಂದ, ಇನ್ನೊಬ್ಬಳು ಮಹಾರಾಷ್ಟ್ರ ಎಂದಳು, ಕೆಲವರಿಗೆ ಗೊತ್ತಿರಲಿಲ್ಲ. ಆ ಹುಡುಗಿಯ ಸರದಿ ಬಂದಾಗ ಎದ್ದು ನಿಂತು, "ಗೊತ್ತುಂಟು, ಆದ್ರೆ ಹೇಳೂದಿಲ್ಲ" ಎಂದಳು.

ಆಯ್ತು ಎಂದು ಅವಳ ಪಕ್ಕದವಳನ್ನು ಕೇಳಿದೆ.