ಹಂಗಿಲ್ಲದ ದಾನ

ಪಡೆದುದನ್ನು ಹಿಂದಿರುಗಿಸಬೇಕೆಂಬುದು ಲೋಕದ ನೀತಿ. ಧಾನ್ಯವನ್ನು ಕಡ ತಂದವನು ಸುಗ್ಗಿಯಲ್ಲಿ ಅಳೆದುಕೊಡುವನು. ಹಣವನ್ನು ತಂದವನು ಬಡ್ಡಿಸಹಿತ ತೀರಿಸುವನು. ಆದರೆ ಹಿಂದಿರುಗಿಸಲು ಬಾರದ ವಸ್ತುವನ್ನು ಜೀವಮಾನವೆಲ್ಲ ಪರರಿಂದ ಪಡೆಯುತ್ತಲೇ ಬದುಕಬೇಕಾದವನ ಗತಿಯೇನು? ಅವನು ಎಂದೆಂದಿಗೂ ಋಣಿಯೇ? ಇದು ಬರಿಯ ತರ್ಕದ ಮಾತಲ್ಲ. ಥ್ಯಾಲಸೀಮಿಯಾ ಎಂಬ ರಕ್ತರೋಗದೊಡನೆ ಜನಿಸಿದವರ ಬಾಳಿನಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ.

ಈ ರೋಗವನ್ನು 1925ರಲ್ಲಿ ಅಮೆರಿಕೆಯ ವೈದ್ಯರಾದ ಥಾಮಸ್ ಕೂಲಿಯವರು ವಿವರಿಸಿದರು. ಪ್ರಾಣವಾಯುವನ್ನು ಹೊರುವ ಹಿಮೋಗ್ಲೋಬಿನ್ ರೋಗಿಯ ದೇಹದಲ್ಲಿ ಸರಿಯಾಗಿ ಸಿದ್ಧವಾಗದು. ತಂದೆತಾಯಿಗಳಿಬ್ಬರೂ ಅರಿಯದೆಯೇ ರೋಗದ ಬೀಜವನ್ನು ಹೊತ್ತು ಆರೋಗ್ಯದಿಂದಿರಬಹುದು. ಅಂಥವರ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವವು ನಾಲ್ಕರಲ್ಲಿ ಒಂದು. ರೋಗವು ತೀವ್ರವಾಗಿದ್ದರೆ ಎರಡರಿಂದ ಐದು ವಾರಗಳಿಗೊಮ್ಮೆ ಅನ್ಯರ ರಕ್ತವನ್ನು ಏರಿಸಬೇಕಾಗುವುದು. ಆ ದಿನ ಸಮೀಪಿಸಿದಂತೆ ಮಗುವಿನ ಮುಖ ಬಿಳುಪೇರುವುದು. ಮೆಟ್ಟಿಲು ಹತ್ತಿದರೆ ಏದುಸಿರು. ಪಾಠದಲ್ಲಿ ಮನಸ್ಸು ನಿಲ್ಲದು. ರಕ್ತವೇರಿದ ಮೇಲೆ ಅದೇ ಮಗು ಅಂಗಳದಲ್ಲಿ ಓಡಿಯಾಡುವುದು. ಇವರ ಅಮಾವಾಸ್ಯೆ ಹುಣ್ಣಿಮೆಗಳು ಪಂಚಾಂಗದವಲ್ಲ.

ಪ್ರಾಣ ಕೊಡುವ ಈ ರಕ್ತವೇ ಭಾರವನ್ನೂ ತರುವುದುಂಟು. ಆರೋಗ್ಯವಂತನು ಆಹಾರದಿಂದ ದಿನಕ್ಕೆ ಹೀರಿಕೊಳ್ಳುವ ಕಬ್ಬಿಣವು 1-2 ಮಿಲಿಗ್ರಾಂ. ಒಂದು ಚೀಲ ರಕ್ತದಲ್ಲಿರುವುದು ಸುಮಾರು 200 ಮಿಲಿಗ್ರಾಂ. ಹೆಚ್ಚಾದುದನ್ನು ಹೊರಹಾಕುವ ದಾರಿಯನ್ನು ದೇಹವು ಪಡೆದಿಲ್ಲ. ಅದು ಹೃದಯ, ಯಕೃತ್ತು, ಗ್ರಂಥಿಗಳಲ್ಲಿ ಸೇರಿಕೊಳ್ಳುವುದು. ಅದನ್ನು ತೆಗೆಯಲು ಹಿಂದೆ ಚರ್ಮದಡಿಯಲ್ಲಿ ಸೂಜಿಯನ್ನಿರಿಸಿ, ಸಣ್ಣ ಯಂತ್ರದಿಂದ ರಾತ್ರಿಯೆಲ್ಲ ಔಷಧವನ್ನು ಹರಿಸಬೇಕಾಗಿದ್ದಿತು. ಈಗ ನುಂಗುವ ಔಷಧಗಳೂ ಇವೆ. ಆದರೂ ದಿನವೂ ತಪ್ಪದ ವ್ರತವದು. ಆದುದರಿಂದ ಪಡೆಯುವವನನ್ನು ಕೈಚಾಚಿ ಕುಳಿತವನೆಂದು ಭಾವಿಸಲಾಗದು. ಪಡೆದುದನ್ನು ಕಾಪಾಡಿಕೊಳ್ಳುವುದೇ ಅವನ ಕಾಯಕ.

ಆದರೆ ಕಬ್ಬಿಣಕ್ಕಿಂತ ಭಾರವಾದುದು ಹಂಗು. ರೋಗಿಯ ಮನೆಯವರೇ ದಾನಿಯನ್ನು ಕರೆತರಬೇಕೆಂದು ಕೇಳುವ ಪದ್ಧತಿ ಎಲ್ಲಿರುವುದೋ ಅಲ್ಲಿ ತಂದೆಯು ನೆಂಟರ, ಜೊತೆಗೆಲಸದವರ ಬಾಗಿಲಿಗೆ ಹೋಗಬೇಕು. ಮೊದಲ ವರ್ಷ ಅವರು ಸಂತೋಷದಿಂದ ಬರುವರು. ಐದನೆಯ ವರ್ಷದಲ್ಲಿ ಅವನನ್ನು ಕಂಡೊಡನೆ ಕೆಲಸದ ನೆನಪಾಗುವುದು. ಒಳಕೋಣೆಯಲ್ಲಿದ್ದ ಮಗು ಇದೆಲ್ಲವನ್ನೂ ಕೇಳಿಸಿಕೊಳ್ಳುವುದು. ಕೊಟ್ಟವನು ಒಮ್ಮೆಯೂ ಆಡಿ ತೋರಿಸದಿರಬಹುದು. ಆದರೂ ಪಡೆದವನು ಅವನೆದುರು ತಲೆಯೆತ್ತಿ ಮಾತನಾಡಲು ಅಳುಕುವನು.

ಹಾಗೆ ಕೇಳದಿದ್ದರೆ ರಕ್ತವು ಎಲ್ಲಿಂದ ಬಂದೀತು ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ರಕ್ತವನ್ನು ಕಾರ್ಖಾನೆಯಲ್ಲಿ ತಯಾರಿಸಿ ಒದಗಿಸಲಾಗದು. ಕೆಂಪು ಕಣಗಳನ್ನು ಶೀತದಲ್ಲಿಟ್ಟರೂ ಸಾಮಾನ್ಯವಾಗಿ 42 ದಿನಗಳಿಗಿಂತ ಹೆಚ್ಚು ಕಾಯ್ದಿಡಲಾಗದು. ಬೇಸಗೆಯಲ್ಲಿ ಕಾಲೇಜುಗಳು ಮುಚ್ಚಿದಾಗ ಕೊರತೆಯಾಗುವುದು. ಆದರೆ ಆ ಕೊರತೆ ಯಾರದು? ಊರಿನ ಕೊರತೆಯನ್ನು ರೋಗಿಯ ಮನೆಯೊಂದೇ ಹೊರಬೇಕೆನ್ನುವುದು ನ್ಯಾಯವಲ್ಲ. ಸರ್ವೋಚ್ಚ ನ್ಯಾಯಾಲಯವು 1996ರಲ್ಲಿತ್ತ ತೀರ್ಪಿನಂತೆ, ಹಣಕ್ಕಾಗಿ ರಕ್ತ ಕೊಡುವ ಪದ್ಧತಿ 1998ರ ಜನವರಿ 1ರಿಂದ ನಿಷಿದ್ಧವಾಯಿತು. ಹಣವು ಹೋದ ಸ್ಥಳದಲ್ಲಿ ಹಂಗು ಬಂದು ಕುಳಿತರೆ ಬಡವನಿಗಾದ ಲಾಭವೇನು?

ದಾನಕ್ಕೂ ದಾಸೋಹಕ್ಕೂ ಶರಣರು ಕಂಡ ಅಂತರವು ಇಲ್ಲಿ ದಾರಿ ತೋರುವುದು. ದಾನದಲ್ಲಿ ಕೊಟ್ಟೆನೆಂಬ ಭಾವ ಉಳಿಯಬಹುದು. ದಾಸೋಹದಲ್ಲಿ ಕೊಡುವವನೇ ಸೇವಕನು. ಆರೋಗ್ಯವಂತ ಪುರುಷನು ಮೂರು ತಿಂಗಳಿಗೊಮ್ಮೆ, ಸ್ತ್ರೀಯು ನಾಲ್ಕು ತಿಂಗಳಿಗೊಮ್ಮೆ ರಕ್ತವನ್ನು ಕೊಡಬಹುದು. ತಾನಾಗಿಯೇ ಬಂದು ಕೊಟ್ಟವನ ರಕ್ತದ ಚೀಲದ ಮೇಲೆ ಸಂಖ್ಯೆಯೂ ಗುಂಪೂ ಇರುವುವು, ಹೆಸರಿರದು. ಲ್ಯಾಂಡ್‌ಸ್ಟೈನರ್ ಅವರು 1901ರಲ್ಲಿ ಪ್ರಕಟಿಸಿದ ಆ ಗುಂಪುಗಳು ಕುಲವನ್ನನುಸರಿಸಿ ನಡೆಯುವುವಲ್ಲ. ಒಂದು ಮನೆಯ ನೀರನ್ನು ಮುಟ್ಟೆನೆಂದವನೂ, ಮಗುವಿನ ತೋಳಿಗೆ ಇಳಿಯುತ್ತಿರುವ ಹನಿ ಯಾವ ಮನೆಯದೆಂದು ಕೇಳಲಾರನು.

ಹೆಸರಿಲ್ಲದೆಡೆಯಲ್ಲಿ ಸಾಲಗಾರನೂ ಇಲ್ಲ, ಧಣಿಯೂ ಇಲ್ಲ. ಉಳಿಯುವುದು ಕೃತಜ್ಞತೆಯೊಂದೇ, ಅದು ಹಿಂದಕ್ಕೆ ಹರಿಯದೆ ಮುಂದಕ್ಕೆ ಹರಿಯುವುದು. ಹೀಗೆ ಬದುಕಿ ಬೆಳೆದವನೊಬ್ಬನು ತನ್ನ ಒಡಹುಟ್ಟಿದವರಿಗೆ ಮದುವೆಗೆ ಮುನ್ನ ರಕ್ತಪರೀಕ್ಷೆ ಮಾಡಿಸಿಕೊಳ್ಳಿರೆಂದು ತಿಳಿಹೇಳಿದರೆ, ಹೊಸದಾಗಿ ಬಂದ ಮಗುವಿನ ತಾಯಿಗೆ ಧೈರ್ಯ ಹೇಳಿದರೆ, ಅದಕ್ಕಿಂತ ಬೇರೆ ಸಲ್ಲಿಕೆ ಬೇಕಿಲ್ಲ. ಮಿಕ್ಕುದು ಆರೋಗ್ಯವಂತರ ಪಾಲಿನದು. ತಂದೆಯೊಬ್ಬನು ಯಾರ ಬಾಗಿಲನ್ನೂ ತಟ್ಟದೆ, ಮಗುವಿನ ಕೈಹಿಡಿದು ಬಂದು ರಕ್ತವನ್ನು ಪಡೆದು ಹೋಗುವಂತಾದ ಊರಿನಲ್ಲಿ ದಾಸೋಹವು ನಡೆಯುತ್ತಿದೆಯೆಂದು ನಿಸ್ಸಂಶಯವಾಗಿ ಹೇಳಬಹುದು.