ಮೋಸವನ್ನು ಖಂಡಿಸುವವನಿಗೆ ಬರುವ ನಿಂದೆ

ಎತ್ತು ಕುಂಟಿದರೆ ಅದರ ಗೊರಸನ್ನು ಎತ್ತಿ ನೋಡಿ ಕಾರಣವನ್ನು ತಿಳಿಯುವದು ನಮ್ಮಲ್ಲಿ ಅನೇಕರಿಗೆ ಸಾಧ್ಯವುಂಟು. ಮೋಟಾರು ಗಾಡಿಯು ನಿಂತುಹೋದರೆ ಹಾಗಲ್ಲ. ರಿಪೇರಿಯ ಮೇಸ್ತ್ರಿಯು "ಈ ಭಾಗ ಕೆಟ್ಟಿದೆ, ಬದಲಿಸಬೇಕು" ಎಂದರೆ ತಲೆಯಾಡಿಸುವದೇ ನಮಗಿರುವ ಗತಿ. ಬದಲಿಸಿದ ಮೇಲಾದರೂ ಹಳೆಯದು ನಿಜವಾಗಿ ಕೆಟ್ಟಿತ್ತೋ ಇಲ್ಲವೋ ಎಂದು ಅರಿಯಲಾರೆವು. ರೋಗವನ್ನು ಹೇಳುವವನೂ ಅವನೇ, ಔಷಧವನ್ನು ಮಾರುವವನೂ ಅವನೇ, ಗುಣವಾಯಿತೆಂದು ಸಾಕ್ಷಿ ಕೊಡುವವನೂ ಅವನೇ. ಇಂಥಲ್ಲಿ ಮೋಸವು ಸುಲಭವಾಗಿ ನುಗ್ಗುವದು. ಅದನ್ನು ಕಂಡು ಬಾಯಿಬಿಟ್ಟವನ ಮೇಲೆ ನಿಂದೆಯೂ ಅಷ್ಟೇ ಸುಲಭವಾಗಿ ಬೀಳುವದು. ಆ ನಿಂದೆಯನ್ನು ಅವನು ಏನು ಮಾಡಬೇಕು? ಎಲ್ಲವನ್ನೂ ತಳ್ಳಿಬಿಡಬಹುದೋ?

ಈ ಪ್ರಶ್ನೆಯು ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ನಮ್ಮ ನೆರೆಯವನೊಬ್ಬನು ಬಾಡಿಗೆಯ ಕಾರು ಓಡಿಸಿ ಸಂಸಾರ ನಡಿಸುವವನು. ಒಂದು ದಿನ ಕಾರು ಹೊರಡದೆ ನಿಂತಿತು. ಪೇಟೆಯ ಒಂದು ಗ್ಯಾರೇಜಿನವನು, ಸ್ಟಾರ್ಟರ್ ಮೋಟಾರು ಸುಟ್ಟುಹೋಗಿದೆ, ಹೊಸದನ್ನೇ ಹಾಕಬೇಕು ಎಂದನು. ಅಷ್ಟು ಹಣವಿಲ್ಲದೆ ಇವನು ಅದೇ ಬೀದಿಯ ಕೊನೆಯಲ್ಲಿರುವ ಮುದುಕ ಮೇಸ್ತ್ರಿಯ ಬಳಿಗೆ ಹೋದನು. ಆತನು ನೋಡಿದಾಗ ಬ್ಯಾಟರಿಯ ತುದಿಗೆ ಕಿಲುಬು ಹಿಡಿದು ತಂತಿಯು ಸಡಿಲವಾಗಿತ್ತು. ಉಜ್ಜಿ ಬಿಗಿದನು, ಕಾರು ಹೊರಟಿತು. ಇದನ್ನು ಕೇಳಿದ ನಮಗೆ ಸಿಟ್ಟು ಬಂತು. ಚಹದ ಅಂಗಡಿಯಲ್ಲಿ ಹತ್ತು ಮಂದಿಯ ಮುಂದೆ, "ಆ ಬೀದಿಯವರೆಲ್ಲಾ ಕಳ್ಳರು" ಎಂದುಬಿಟ್ಟೆವು.

ಮರುದಿನವೇ ಗ್ಯಾರೇಜಿನವನು ಬಂದು, ನನ್ನ ಅನ್ನಕ್ಕೆ ಕಲ್ಲು ಹಾಕಿದಿರಿ ಎಂದು ಕೂಗಾಡಿದನು. ಇದು ನಮ್ಮನ್ನು ಅಷ್ಟಾಗಿ ಕದಲಿಸಲಿಲ್ಲ. ಎರಡು ದಿನ ಕಳೆದು ಮುದುಕ ಮೇಸ್ತ್ರಿಯು ಬಂದನು. ಜಗಲಿಯ ಮೇಲೆ ಕೂತು ಮೆಲ್ಲಗೆ, "ಅಯ್ಯನವರೇ, ಬೀದಿಯವರೆಲ್ಲಾ ಕಳ್ಳರೆಂದಿರಂತೆ. ಆ ಬೀದಿಯಲ್ಲಿ ನನ್ನ ಅಂಗಡಿಯೂ ಉಂಟಲ್ಲಾ" ಎಂದನು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಅಮೇರಿಕಾ ದೇಶದ ಕ್ಯಾಲಿಫೋರ್ನಿಯ ಸೀಮೆಯಲ್ಲಿ 1992ರಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳುವದು ಯುಕ್ತವಾಗಿದೆ. ಅಲ್ಲಿ ವಾಹನ ರಿಪೇರಿಯ ಮೇಲ್ವಿಚಾರಣೆಗೆಂದೇ ಒಂದು ಸರಕಾರೀ ಇಲಾಖೆ ಉಂಟು. ಅದರವರು ಬ್ರೇಕಿನ ಮೇಲುಪದರು ಮಾತ್ರ ಸವೆದು ಉಳಿದದ್ದೆಲ್ಲಾ ಸರಿಯಾಗಿದ್ದ ಕಾರುಗಳನ್ನು, ಭಾಗಗಳಿಗೆ ಗುರುತು ಹಾಕಿ, ಸಾಮಾನ್ಯ ಗಿರಾಕಿಗಳಂತೆ ಸಿಯರ್ಸ್ ಎಂಬ ದೊಡ್ಡ ವ್ಯಾಪಾರ ಸಂಸ್ಥೆಯ ರಿಪೇರಿ ಅಂಗಡಿಗಳಿಗೆ ಒಯ್ದರು. 38 ಸಾರಿ ಒಯ್ದುದರಲ್ಲಿ 34 ಸಾರಿ ಬೇಡದ ಕೆಲಸವನ್ನು ಅಂಟಿಸಿದರೆಂದು ಇಲಾಖೆಯು ಆರೋಪಿಸಿತು. ಸಂಸ್ಥೆಯವರು ಮೊದಲು ಇಲಾಖೆಯನ್ನೇ ನಿಂದಿಸಿದರು. ಸರಕಾರವು ತಮ್ಮ ಹಣವನ್ನು ಕಡಿಮೆಮಾಡೀತೆಂಬ ಭಯದಿಂದ ಹೆಸರು ಗಳಿಸಲು ಹೀಗೆ ಮಾಡುತ್ತಾರೆ ಎಂದರು. ಕೆಲವೇ ದಿನಗಳಲ್ಲಿ ಅದೇ ಸಂಸ್ಥೆಯ ಮುಖ್ಯಸ್ಥ ಎಡ್ವರ್ಡ್ ಬ್ರೆನನ್ನನು, ಬೇಕೆಂದು ಮೋಸಮಾಡಲಿಲ್ಲ, ಆದರೂ ತಪ್ಪುಗಳಾದವೆಂದು ಒಪ್ಪಿ, ಅಂಗಡಿಯಲ್ಲಿ ರಿಪೇರಿಯ ಸಲಹೆ ಕೊಡುವವರಿಗೆ ಮಾರಾಟದ ಮೇಲೆ ಕಮಿಷನ್ ಕೊಡುವ ಪದ್ಧತಿಯನ್ನು ನಿಲ್ಲಿಸಿದನು.

ಇಲಾಖೆಯವರ ಮನಸ್ಸಿನಲ್ಲಿ ಸ್ವಾರ್ಥವಿತ್ತೆಂದೇ ಇಟ್ಟುಕೊಳ್ಳೋಣ. ಅದರಿಂದ ಗುರುತು ಹಾಕಿದ ಭಾಗಗಳು ಸುಳ್ಳಾಗುವವೋ? ಹೇಳುವವನ ಹೃದಯ ಎಂಥಾದ್ದೆಂಬದು ಬೇರೆ ವಿಚಾರ, ಹೇಳಿದ್ದು ನಿಜವೋ ಎಂಬದು ಬೇರೆ ವಿಚಾರ. ಮೇಸ್ತ್ರಿಯು ಅರಿಯದೆ ತಪ್ಪಿದನೆಂಬ ಮಾತಿಗೂ ಅಲ್ಲಿ ಒಂದು ಉತ್ತರವುಂಟು: ಅರಿಯದೆ ತಪ್ಪುವವನು ಒಮ್ಮೆ ತನಗೆ ಲಾಭವಾಗುವಂತೆಯೂ ಒಮ್ಮೆ ನಷ್ಟವಾಗುವಂತೆಯೂ ತಪ್ಪುವನು, 34 ಸಾರಿಯೂ ಪೆಟ್ಟಿಗೆ ತುಂಬುವ ಕಡೆಗೇ ತಪ್ಪಲಾರನು. ಆದರೆ ನಮ್ಮ ಕೈಯಲ್ಲಿ ಇದ್ದದ್ದು ಒಂದೇ ಸಾರಿಯ ಒಂದೇ ಕಾರು. ಆ ಗ್ಯಾರೇಜಿನವನು ಮೋಸಗಾರನೋ ಅವಸರಗಾರನೋ ನಾವು ಈಗಲೂ ಅರಿಯೆವು.

ಅದೇ ದೇಶದ ರೀಡರ್ಸ್ ಡೈಜೆಸ್ಟ್ ಪತ್ರಿಕೆಯವರು 1941ರಲ್ಲಿ ಇದಕ್ಕಿಂತ ವಿಸ್ತಾರವಾದ ಪರೀಕ್ಷೆಯನ್ನು ಪ್ರಕಟಿಸಿದ್ದರು. ಇಂಜಿನಿನ ಒಂದು ತಂತಿಯನ್ನು ತಾವೇ ಕಳಚಿ 347 ಗ್ಯಾರೇಜುಗಳಿಗೆ ಹೋದರು. ನೂರಕ್ಕೆ 63ರಷ್ಟು ಕಡೆ ಮೋಸ ಕಂಡಿತು. ಇದು ದೇಶಕ್ಕೆ ಉಪಕಾರವೇ. ಆದರೂ ಆ ಲೇಖನದ ತಲೆಬರಹವು, ಎಚ್ಚರ ತಪ್ಪಿದರೆ ರಿಪೇರಿಯವನು ನಿಮ್ಮನ್ನು ವಂಚಿಸುವನು ಎಂಬ ಅರ್ಥದ್ದು. ತಂತಿಯನ್ನು ಪ್ರಾಮಾಣಿಕವಾಗಿ ಸಿಕ್ಕಿಸಿಕೊಟ್ಟ ಸುಮಾರು 130 ಮಂದಿ ಆ ತಲೆಬರಹವನ್ನು ಓದಿ ಏನೆಂದುಕೊಂಡಾರು? ನಮ್ಮಲ್ಲಿಯೂ, ಅಕ್ಕಸಾಲಿಗನು ಅಕ್ಕನ ಚಿನ್ನವನ್ನೂ ಬಿಡನೆಂದು ಗಾದೆ ಹೇಳಿ ನಗುತ್ತೇವೆ. ತೂಕ ತಪ್ಪದ ಅಕ್ಕಸಾಲಿಗನ ಮನೆಯ ಮಕ್ಕಳು ಅದನ್ನು ಕೇಳಿಯೇ ಬೆಳೆಯುತ್ತಾರೆ.

ಹಾಗಾದರೆ ಬಾಯಿ ಮುಚ್ಚಿಕೊಳ್ಳಬೇಕೆಂದು ನಾವು ಹೇಳುವದಿಲ್ಲ. ಮೌನದಿಂದ ಹೆಚ್ಚು ಕೆಡುವವನು ಪ್ರಾಮಾಣಿಕ ಮೇಸ್ತ್ರಿಯೇ. ಯಾಕಂದರೆ ಬೇಡದ ಭಾಗವನ್ನು ಮಾರುವವನಿಗೆ ದಿನಕ್ಕೆ ಸಾವಿರಗಟ್ಟಲೆ ಸಿಕ್ಕೀತು, ತಂತಿ ಬಿಗಿದವನಿಗೆ ಸಿಕ್ಕುವದು ಚಹದ ಕಾಸು. ಇಬ್ಬರೂ ಒಂದೇ ಎಂದು ಊರು ನಂಬಿದರೆ ಅವನು ಯಾವ ಆಸೆಯಿಂದ ನೆಟ್ಟಗಿದ್ದಾನು? ಆದಕಾರಣ ನಿಂದೆ ಬಂದಾಗ ಅದು ಯಾರ ಬಾಯಿಂದ ಬಂತೆಂದು ನೋಡಲು ಕಲಿತಿದ್ದೇವೆ. ಲಾಭ ಕಳಕೊಂಡವನ ಕೂಗನ್ನು ತಾಳಿಕೊಳ್ಳಬಹುದು. ಏನೂ ತಪ್ಪು ಮಾಡದೆ ಮಸಿ ಬಳಿಸಿಕೊಂಡವನ ಮಾತು ನಮ್ಮನ್ನು ತಿದ್ದುವದಕ್ಕೆ ಬಂದದ್ದು.

ನಾವು ತಿರಿಗಿ ಅದೇ ಚಹದ ಅಂಗಡಿಗೆ ಹೋಗಿ ಅದೇ ಮಂದಿಯ ಮುಂದೆ, ಬೀದಿಯವರೆಲ್ಲಾ ಎಂದದ್ದು ನಮ್ಮ ತಪ್ಪು, ನಾವು ಬಲ್ಲದ್ದು ಇಷ್ಟೇ ಎಂದು ಆ ದಿನದ ಸಂಗತಿಯನ್ನು ಇದ್ದಂತೆ ಹೇಳಿದೆವು. ಕೆಲವರು ನಕ್ಕರು, ಹೆದರಿ ಮಾತು ನುಂಗಿದರೆಂದು ಒಬ್ಬನು ಅಂದದ್ದೂ ಕಿವಿಗೆ ಬಿತ್ತು. ಗಿರಾಕಿಯು ಕೇಳಿದರೆ ಬದಲಿಸಿದ ಹಳೆಯ ಭಾಗವನ್ನು ಹಿಂದಕ್ಕೆ ಕೊಡಬೇಕೆಂದು ಕ್ಯಾಲಿಫೋರ್ನಿಯದಲ್ಲಿ ಕಾಯಿದೆ ಇರುವದನ್ನು ಮುದುಕ ಮೇಸ್ತ್ರಿಗೆ ಒಮ್ಮೆ ತಿಳಿಸಿದೆವು. ಈಗ ಆತನು ಯಾರೂ ಕೇಳದಿದ್ದರೂ ಹಳೆಯ ಭಾಗಗಳನ್ನು ಚೀಲದಲ್ಲಿ ಕಟ್ಟಿ ಗಾಡಿಯ ಹಿಂದಿನ ಸೀಟಿನಲ್ಲಿ ಇಡುತ್ತಾನೆ. ಗ್ಯಾರೇಜಿನವನು ಮಾತ್ರ ನಮ್ಮನ್ನು ಕಂಡರೆ ಇಂದಿಗೂ ಮುಖ ತಿರುಗಿಸುತ್ತಾನೆ.