ನಂಬಿಕೆಗೆ ಒಂದು ಪತ್ರ

ಕಳೆದ ಮಾಘದಲ್ಲಿ ನನ್ನ ಸೋದರಮಾವ ಕರೆಸಿಕೊಂಡು, "ನೀನು ಕನ್ನಡದ ಮೇಷ್ಟ್ರು, ಇದನ್ನೊಮ್ಮೆ ತಿದ್ದಿಕೊಡಯ್ಯ" ಎಂದು ಕಾಗದದ ಕಟ್ಟೊಂದನ್ನು ಕೈಗಿತ್ತರು. ಅದು ವಕೀಲರು ಬರೆದ ಟ್ರಸ್ಟ್ ಪತ್ರ. ತಾವು ದುಡಿದು ಕಟ್ಟಿಸಿದ ಮನೆಯನ್ನೂ ಬ್ಯಾಂಕಿನ ಹಣವನ್ನೂ ಟ್ರಸ್ಟಿಗೆ ಒಪ್ಪಿಸಿ, ಹುಟ್ಟಿನಿಂದಲೂ ಮಗುವಿನ ಬುದ್ಧಿಯವನಾದ ಕಿರಿಯ ಮಗನ ಬಾಳು ಅದರಿಂದ ನಡೆಯಬೇಕೆಂಬುದು ಅವರ ಇಚ್ಛೆ. ಹಿರಿಯ ಮಗನೂ ನಾನೂ ಟ್ರಸ್ಟಿಗಳು.

ಹೊರಟಾಗ ಹಿರಿಯವನು ಬಾಗಿಲವರೆಗೆ ಬಂದ. "ಭಾವ, ತಮ್ಮನನ್ನು ನಾನು ಬೀದಿಗೆ ಬಿಡುತ್ತೇನೆಯೆ? ಅಪ್ಪನಿಗೆ ನನ್ನಲ್ಲಿ ಅಷ್ಟೂ ನಂಬಿಕೆಯಿಲ್ಲವೆ?" ಎಂದ. ನನಗೆ ಉತ್ತರ ತೋಚಲಿಲ್ಲ. ಟ್ರಸ್ಟ್ ಎಂಬ ಮಾತಿನ ಅರ್ಥವೇ ನಂಬಿಕೆ. ಆದರೆ ನಂಬಿಕೆಯಿದ್ದಲ್ಲಿ ಪತ್ರವೇಕೆ? ಪತ್ರ ಬೇಕಾದಲ್ಲಿ ನಂಬಿಕೆಯೆಲ್ಲಿ?

ಮರುದಿನ ತರಗತಿಯಲ್ಲಿ ಶಾಸನಪಾಠವಿತ್ತು. ನಮ್ಮ ದಾನಶಾಸನಗಳ ರೀತಿ ಓದುಗರಿಗೆ ತಿಳಿದದ್ದೇ. ದೇವರಿಗೋ ಕೆರೆಗೋ ಭೂಮಿ ಬಿಟ್ಟು, ಎಲ್ಲೆ ಗುರುತಿಸಿ, ಕೊನೆಗೊಂದು ಶಾಪ: ಕಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ. ಎಷ್ಟೋ ವರ್ಷಗಳಿಂದ ಪಾಠ ಹೇಳುತ್ತಿದ್ದರೂ ಒಂದು ಮಾತು ಅಂದೇ ಮನಸ್ಸಿಗೆ ತಟ್ಟಿತು. ಪರರು ಕೊಟ್ಟದ್ದನ್ನು ಕಸಿದವನಿಗೆ ಮಾತ್ರವಲ್ಲ, ತಾನೇ ಕೊಟ್ಟದ್ದನ್ನು ಕಸಿದವನಿಗೂ ಅದೇ ಶಾಪ! ದಾನಿಯು ತನ್ನನ್ನೂ ಹೊರಗಿಡಲಿಲ್ಲ. ಇಂದಿನ ತನ್ನ ಒಳ್ಳೆಯ ಬುದ್ಧಿಯನ್ನು ನಾಳಿನ ತನ್ನಿಂದಲೇ ಕಾಯಬೇಕೆಂದು ಅವನು ಬಲ್ಲ.

೧೮೮೨ರ ಟ್ರಸ್ಟ್ ಕಾಯಿದೆಯಲ್ಲಿ ಶಾಪವಿಲ್ಲ. ಆದರೆ ಮನೋಧರ್ಮ ಅದೇ. ಬದುಕಿರುವಾಗ ಮಾಡಿದ ಟ್ರಸ್ಟನ್ನು, ಪತ್ರದಲ್ಲಿ ಆ ಅಧಿಕಾರವನ್ನು ಉಳಿಸಿಕೊಂಡಿರದಿದ್ದರೆ, ಮಾಡಿದವನೂ ಮನಬಂದಂತೆ ಮುರಿಯಲಾರ. ಟ್ರಸ್ಟಿಯು ಆ ಆಸ್ತಿಯನ್ನು ವಿವೇಕಿಯೊಬ್ಬನು ತನ್ನ ಸೊತ್ತನ್ನು ಕಾಯುವಂತೆ ಕಾಯಬೇಕು. ತನ್ನ ಲಾಭಕ್ಕೆ ಬಳಸಬಾರದು. ಹೆಸರು ಅವನದು, ಫಲ ಮತ್ತೊಬ್ಬನದು.

ಆ ಸಂಜೆ ಹಿರಿಯವನಿಗೆ ಹೇಳಿದೆ: "ಮನೆ ನಿನ್ನ ಹೆಸರಿಗೇ ಬಂತೆನ್ನು. ನಾಳೆ ನಿನಗೆ ಸಾಲವಾದರೆ ಸಾಲಗಾರ ಆ ಮನೆಗೆ ಬರುತ್ತಾನೆ. ನೀನು ಮೊದಲು ಹೋದರೆ ಮನೆ ನಿನ್ನ ವಾರಸುದಾರರ ಪಾಲು. ಟ್ರಸ್ಟಿನ ಆಸ್ತಿಗೆ ಆ ಭಯವಿಲ್ಲ. ಅಪ್ಪ ನಂಬದಿರುವುದು ನಿನ್ನನ್ನಲ್ಲ, ಕಾಲವನ್ನು." ಅವನು ಸುಮ್ಮನಿದ್ದ. ಪೂರ್ತಿ ಸಮಾಧಾನವಾಯಿತೆಂದು ನಾನು ಹೇಳಲಾರೆ.

ಆದರೆ ಪತ್ರದ ಕೊನೆಯಲ್ಲಿ, ವಕೀಲರು ಬೇಡವೆಂದರೂ ಮಾವ ಸ್ವಹಸ್ತದಿಂದ ಒಂದು ಸಾಲು ಸೇರಿಸಿದ್ದರು: ಕಿರಿಯವನ ಕಾಲಾನಂತರವೂ ವಂಶದವರು ಯಾರೂ ಎಂದೆಂದಿಗೂ ಮನೆಯನ್ನು ಮಾರಕೂಡದು. ಕುಟುಂಬದ ಆಸ್ತಿಯನ್ನು ಹೀಗೆ ಎಂದೆಂದಿಗೂ ಕಟ್ಟಿಹಾಕಲು ಕಾನೂನೂ ಬಿಡದು. ಈಗ ಬದುಕಿರುವವರ ಆಯುಷ್ಯ, ಅದರಾಚೆ ಮುಂದೆ ಹುಟ್ಟುವವನು ಪ್ರಾಪ್ತವಯಸ್ಕನಾಗುವವರೆಗಿನ ಕಾಲ, ಅಷ್ಟೇ ಅದರ ಮೇರೆ. ಆದರೆ ನನ್ನನ್ನು ತಡೆದದ್ದು ಕಾನೂನಲ್ಲ. "ಮಾವ, ಮೊದಲಿನ ಮಾತುಗಳೆಲ್ಲ ಅಶಕ್ತನೊಬ್ಬನಿಗಾಗಿ. ಈ ಮಾತು ಯಾರಿಗಾಗಿ?" ಎಂದೆ. ಬಹಳ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ ಲೇಖನಿ ಕೇಳಿ, ತಾವೇ ಆ ಸಾಲನ್ನು ಹೊಡೆದುಹಾಕಿದರು.

ಹೋಗುವವನು ಇರುವವರಿಗೆ ಆಸರೆಯನ್ನು ಬಿಟ್ಟುಹೋಗಬಹುದು, ಅಪ್ಪಣೆಯನ್ನಲ್ಲ. ಆ ಎರಡರ ನಡುವಣ ಗೆರೆಯನ್ನು ಯಾವ ಕಾಯಿದೆಯೂ ಪೂರ್ತಿಯಾಗಿ ಎಳೆದುಕೊಡದು. ಪತ್ರ ರಿಜಿಸ್ಟರಾಗಿದೆ. ಇನ್ನು ವರ್ಷವರ್ಷವೂ ನಾನು ಲೆಕ್ಕ ಒಪ್ಪಿಸಬೇಕು. ಅದನ್ನು ಓದಲಾರದವನೊಬ್ಬನಿಗೆ ಒಪ್ಪಿಸಬೇಕಾದ ಲೆಕ್ಕ. ಅದಕ್ಕೇ ಅದು ಹೆಚ್ಚು ಸರಿಯಾಗಿರಬೇಕು.